10 ಚೀಲ ತೊಗರಿ 2,573 ಚೀಲ ಆದದ್ದು ಹೇಗೆ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಗಂಜ್‌ನಲ್ಲಿ ನಮ್ಮ ಅಪ್ಪನದು ಅಡತಿ ಅಂಗಡಿ. ತೊಗರಿ ಸೀಸನ್‌ನಲ್ಲಿ ಅನುಕೂಲ ಆಗಲಿ ಅಂತ ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಪ್ರತಿ ನಮೂದಿಗೆ ಎರಡು ಸಂಖ್ಯೆ: ಎಷ್ಟು ಚೀಲ, ಕ್ವಿಂಟಲ್‌ಗೆ ಏನು ದರ. ದಿನಕ್ಕೊಂದು ಫೈಲ್. ಎಫ್‌ರೈಟ್‌ನಿಂದ ಬರೆಯುತ್ತೇನೆ, ಎಫ್‌ರೀಡ್‌ನಿಂದ ಓದುತ್ತೇನೆ. ಅಂಗಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಸೇಡಂ ಕಡೆಯ ರೈತರೊಬ್ಬರು 26 ಚೀಲ ತಂದರು. ಆ ದಿನದ ಪಟ್ಟಿ ಅವರ ನಮೂದಿನ ಹತ್ತಿರವೇ ನಿಂತುಬಿಡುತ್ತದೆ, ಮುಂದಿನದು ಕಾಣುವುದೇ ಇಲ್ಲ. ಇನ್ನೊಂದು ದಿನ ಯಾರೂ 26 ಚೀಲ ತಂದಿರಲಿಲ್ಲ, ಆದರೂ 7,450 ರೂಪಾಯಿ ದರದ ನಮೂದಿನಲ್ಲಿ ನಿಂತಿತು. ಇವೇ ಫೈಲುಗಳನ್ನು ಕಾಲೇಜು ಲ್ಯಾಬಿನ ಲಿನಕ್ಸ್‌ನಲ್ಲಿ ಓದಿದರೆ ನಿಲ್ಲುವುದಿಲ್ಲ. ಆದರೆ 10 ಚೀಲ, 7,500 ದರ ಅಂತ ಬರೆದದ್ದು 2,573 ಚೀಲ, 19,20,000 ದರ ಅಂತ ಬರುತ್ತದೆ. ಅದರ ಕೆಳಗೆ ಎಲ್ಲವೂ ದೊಡ್ಡ ದೊಡ್ಡ ಸಂಖ್ಯೆಗಳೇ. ಊರ ಹೆಸರುಗಳ ಟೆಕ್ಸ್ಟ್ ಫೈಲ್ ಬೇರೆ ಇದೆ, ಲಿನಕ್ಸ್‌ನಲ್ಲಿ ಅದರಲ್ಲಿ ಯಾವ ಊರು ಹುಡುಕಿದರೂ ಸಿಗುವುದಿಲ್ಲ. ಅಪ್ಪ "ನಮಗೆ ವಹಿಯೇ ಸಾಕು" ಅನ್ನುತ್ತಿದ್ದಾರೆ. ಎಲ್ಲಿ ತಪ್ಪಿದೆ ಸರ್?

ಉತ್ತರ: ಮೊದಲು ಅಪ್ಪನವರಿಗೆ ಹೇಳಿ, ಒಂದು ನಮೂದೂ ಕಳೆದಿಲ್ಲ. 26 ಚೀಲದ ನಂತರದ್ದೂ ಡಿಸ್ಕಿನಲ್ಲಿ ಹಾಗೇ ಕೂತಿದೆ. ಓದುವವರು ಅಲ್ಲಿಗೆ ನಿಂತಿದ್ದಾರೆ, ಅಷ್ಟೇ. ಎಲ್ಲವನ್ನೂ ವಾಪಸ್ ತರುವ ದಾರಿ ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ಆ ಫೈಲುಗಳ ಒಂದು ಕಾಪಿ ಬೇರೆ ಕಡೆ ಇಡಿ. ಮೂಲವನ್ನು ಮುಟ್ಟಬೇಡಿ.

ನೀವು ಫೈಲ್ ತೆರೆದ ಸಾಲು ಕಳಿಸಿಲ್ಲ. ಆದರೂ ಅಲ್ಲಿ ಏನಿದೆ ಅಂತ ಹೇಳಬಲ್ಲೆ. ಎಫ್‌ಓಪನ್‌ಗೆ ಬರೆಯಲು ಬರೀ ಡಬ್ಲ್ಯೂ ಕೊಟ್ಟಿದ್ದೀರಿ, ಓದಲು ಬರೀ ಆರ್ ಕೊಟ್ಟಿದ್ದೀರಿ. ಡಬ್ಲ್ಯೂಬಿ, ಆರ್‌ಬಿ ಅಂತ ಕೊಟ್ಟಿಲ್ಲ. ಬಿ ಅಂದರೆ ಬೈನರಿ. ಆ ಒಂದು ಬಿ ಇಲ್ಲದ್ದರಿಂದ ನಿಮ್ಮ ನಾಲ್ಕೂ ತೊಂದರೆಗಳಲ್ಲಿ ಮೂರು ಹುಟ್ಟಿವೆ. ನಾಲ್ಕನೆಯದು ಅದರ ದಾಯಾದಿ.

ಸಂಖ್ಯೆಗಳನ್ನು ಬಿಡಿಸಿ ನೋಡೋಣ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಇಂಟ್, ಅಂದರೆ ಒಂದು ಪೂರ್ಣ ಸಂಖ್ಯೆ, 4 ಬೈಟ್. ಒಂದು ಬೈಟ್ ಅಂದರೆ 0ಯಿಂದ 255ರವರೆಗಿನ ಸಂಖ್ಯೆ ಹಿಡಿಯುವ ಒಂದು ಮನೆ. ಅದನ್ನು ಚಿಕ್ಕ ಭಾಗ ಮೊದಲು, ದೊಡ್ಡ ಭಾಗ ಆಮೇಲೆ ಅನ್ನುವ ಕ್ರಮದಲ್ಲಿ ಇಡುತ್ತದೆ. 10 ಅನ್ನುವುದು 10, 0, 0, 0 ಆಗುತ್ತದೆ. 7,500 ಅಂದರೆ 256ರ 29 ಪಟ್ಟು, ಮೇಲೆ 76. ಹಾಗಾಗಿ ಅದು 76, 29, 0, 0. ಒಂದು ನಮೂದಿಗೆ ಒಟ್ಟು 8 ಬೈಟ್. ಡಿಸ್ಕಿಗೆ ಹೋಗಬೇಕಾದದ್ದು ಇದು:

10 0 0 0 76 29 0 0

ಆದರೆ ನಿಮ್ಮ ಫೈಲಿನಲ್ಲಿ ಇರುವುದು ಇದು:

13 10 0 0 0 76 29 0 0

ಎಂಟು ಇದ್ದದ್ದು ಒಂಬತ್ತಾಗಿದೆ. ಮೊದಲಿಗೇ ಒಂದು 13 ಬಂದು ಕೂತಿದೆ. ಅದನ್ನು ಕೂರಿಸಿದ್ದು ವಿಂಡೋಸಿನ ಸಿ ಲೈಬ್ರರಿ, ಅಂದರೆ ಎಫ್‌ಓಪನ್, ಎಫ್‌ರೈಟ್ ಮುಂತಾದ ಸಿದ್ಧ ಫಂಕ್ಷನ್‌ಗಳ ಸಂಗ್ರಹ. ಬಿ ಇಲ್ಲದೆ ತೆರೆದರೆ ಇದು ಸಾಲು ಸಾಲಾಗಿ ಓದುವ ಬರಹ ಅಂತ ನೀವು ಮಾತು ಕೊಟ್ಟ ಹಾಗೆ. ಬರಹದಲ್ಲಿ 10 ಅಂದರೆ ಸಾಲು ಮುಗಿಯಿತು ಅಂತ ಅರ್ಥ. ವಿಂಡೋಸಿನ ಪದ್ಧತಿಯಲ್ಲಿ ಸಾಲು ಮುಗಿದರೆ 13, 10 ಎರಡೂ ಇರಬೇಕು. ಅದಕ್ಕೇ ಲೈಬ್ರರಿ 10 ಕಂಡಲ್ಲೆಲ್ಲ ಅದಕ್ಕೆ ಮೊದಲು ಒಂದು 13 ಸೇರಿಸುತ್ತದೆ. ಆ 10 ಸಾಲಿನ ಗುರುತೋ, ತೊಗರಿ ಚೀಲದ ಎಣಿಕೆಯೋ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಲಿನಕ್ಸ್‌ನಲ್ಲಿ ಇಂಥ ಬದಲಾವಣೆ ನಡೆಯುವುದಿಲ್ಲ. ಅಲ್ಲಿ ಬಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದ್ದ ಬೈಟು ಇದ್ದ ಹಾಗೆ ಕೈಗೆ ಬರುತ್ತದೆ. ಮೊದಲ ನಾಲ್ಕು ತೆಗೆದುಕೊಳ್ಳಿ: 13, 10, 0, 0. ಅಂದರೆ 13 ಕೂಡಿಸು 2,560. ನಿಮ್ಮ 2,573 ಚೀಲ ಬಂತಲ್ವಾ? ಮುಂದಿನ ನಾಲ್ಕು: 0, 76, 29, 0. ಒಂದು ಮನೆ ಮುಂದಕ್ಕೆ ಸರಿದದ್ದರಿಂದ 7,500 ಈಗ 256 ಪಟ್ಟಾಗಿದೆ, 19,20,000. ಒಂದು ಸೊನ್ನೆ ಉಳಿಯಿತು. ಅದು ಮುಂದಿನ ನಮೂದಿನ ತಲೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕೆಳಗಿನದೆಲ್ಲ 256 ಪಟ್ಟು ಬರುತ್ತದೆ. 8 ಚೀಲ ಇದ್ದರೆ 2,048 ತೋರಿಸಿರಬೇಕು, ನೋಡಿ. ಇನ್ನೊಂದು 10 ಸಿಕ್ಕರೆ ಮತ್ತೊಂದು ಮನೆ ಸರಿಯುತ್ತದೆ.

ಹಾಗಾದರೆ ಇದೇ 10 ಚೀಲ ವಿಂಡೋಸ್‌ನಲ್ಲಿ ಸರಿಯಾಗಿ ಕಂಡದ್ದು ಹೇಗೆ? ಓದುವಾಗಲೂ ನೀವು ಬಿ ಹಾಕಿಲ್ಲ. ಹಾಗಾಗಿ ಲೈಬ್ರರಿ 13, 10 ಜೋಡಿ ಕಂಡಾಗ 13 ಅನ್ನು ತೆಗೆದು ಬರೀ 10 ಕೊಡುತ್ತದೆ. ಹೋಗುವಾಗ ಸೇರಿಸಿದ್ದನ್ನು ಬರುವಾಗ ತೆಗೆಯುತ್ತದೆ. ಈ ದೋಷದ ಕೆಟ್ಟ ಗುಣವೇ ಇದು. ಬರೆದ ಮಷೀನಿನಲ್ಲೇ ಓದುವವರೆಗೆ ತಪ್ಪು ಮುಚ್ಚಿಕೊಂಡೇ ಇರುತ್ತದೆ. ನೀವು ಲ್ಯಾಬಿಗೆ ಒಯ್ದಿರಿ ಅಂತ ಗೊತ್ತಾಯಿತು.

ಈಗ 26. ಇದರ ಕಥೆ ಹಳೆಯದು. ಡಾಸ್‌ಗಿಂತ ಮುಂಚೆ ಸಿಪಿಎಂ ಅನ್ನುವ ಆಪರೇಟಿಂಗ್ ಸಿಸ್ಟಂ ಇತ್ತು. ಅದು ಫೈಲಿನ ಉದ್ದವನ್ನು 128 ಬೈಟಿನ ತುಂಡುಗಳಲ್ಲಿ ಮಾತ್ರ ಲೆಕ್ಕ ಇಡುತ್ತಿತ್ತು. ಕೊನೆಯ ತುಂಡಿನಲ್ಲಿ ಬರಹ ಎಲ್ಲಿ ಮುಗಿಯಿತು ಅಂತ ತಿಳಿಯಲು 26 ಅನ್ನುವ ಬೈಟನ್ನು ಗುರುತಾಗಿ ಇಡುತ್ತಿದ್ದರು. ಕೀಬೋರ್ಡಿನ ಕಂಟ್ರೋಲ್-ಝಡ್ ಅಂದರೆ ಅದೇ. ಡಾಸ್ ಆ ಪದ್ಧತಿಯನ್ನು ತೆಗೆದುಕೊಂಡಿತು, ಡಾಸ್‌ನಿಂದ ವಿಂಡೋಸಿಗೆ ಬಂತು. ಇವತ್ತಿಗೂ ವಿಂಡೋಸಿನ ಸಿ ಲೈಬ್ರರಿ ಟೆಕ್ಸ್ಟ್ ಮೋಡಿನಲ್ಲಿ, ಅಂದರೆ ಬಿ ಇಲ್ಲದೆ ತೆರೆದು, ಓದುವಾಗ 26 ಕಂಡರೆ ಫೈಲ್ ಮುಗಿಯಿತು ಅನ್ನುತ್ತದೆ. ಸೇಡಂ ರೈತರ 26 ಚೀಲ ಅಲ್ಲಿ "ಮುಗಿಯಿತು" ಅಂತ ಓದಿಕೊಂಡಿತು. ಮತ್ತೆ 7,450? ಅದು 256ರ 29 ಪಟ್ಟು, ಮೇಲೆ 26. ಮೊದಲ ಬೈಟೇ 26. ದರ 7,434 ಇದ್ದಿದ್ದರೆ ಮೊದಲ ಬೈಟು 10 ಆಗುತ್ತಿತ್ತು, ಲಿನಕ್ಸ್‌ನಲ್ಲಿ ಅಲ್ಲಿಂದ ಸಂಖ್ಯೆಗಳು ಸರಿಯುತ್ತಿದ್ದವು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದೇ. "ಟೆಕ್ಸ್ಟ್ ಫೈಲ್", "ಬೈನರಿ ಫೈಲ್" ಅಂತ ಡಿಸ್ಕಿನ ಮೇಲೆ ಎರಡು ಜಾತಿ ಇಲ್ಲ. ಡಿಸ್ಕಿನಲ್ಲಿ ಇರುವುದು ಬೈಟುಗಳು ಮಾತ್ರ. ಟೆಕ್ಸ್ಟ್ ಅಥವಾ ಬೈನರಿ ಅನ್ನುವುದು ತೆರೆಯುವಾಗ ನೀವು ಲೈಬ್ರರಿಗೆ ಕೊಡುವ ಅಪ್ಪಣೆ. ಕ್ಲಾಸಿನಲ್ಲಿ ಇದನ್ನು ಫೈಲಿನ ವಿಧಗಳು ಅಂತ ಟೇಬಲ್ ಹಾಕಿ ಬರೆಸುತ್ತಾರೆ. ಅಲ್ಲಿಂದಲೇ ಗೊಂದಲ ಶುರು. ಫೈಲಿನ ಹೆಸರಿನ ಕೊನೆಯಲ್ಲಿ ಏನಿದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಫ್‌ರೈಟ್ ಬಳಸಿದರೆ ತಾನೇ ಬೈನರಿ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಅದೂ ಇಲ್ಲ. ತೆರೆದ ರೀತಿ ಒಂದೇ ಲೆಕ್ಕ.

ಸಾಲಿನ ಕೊನೆಗೆ 13, 10 ಅನ್ನುವ ಎರಡು ಬೈಟಿನ ಈ ಗೋಜು ಯಾಕೆ ಬಂತು ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ನಾನು ಬೀದರಿನಲ್ಲಿ ಟೈಪಿಂಗ್ ಕಲಿತವನು. ಟೈಪ್‌ರೈಟರ್‌ನಲ್ಲಿ ಸಾಲು ಮುಗಿಯುವ ಹೊತ್ತಿಗೆ ಗಂಟೆ ಟಿಣ್ ಅನ್ನುತ್ತದೆ. ಎಡಗೈಯಿಂದ ಲಿವರ್ ತಳ್ಳಬೇಕು. ಕಾಗದ ಒಂದು ಸಾಲು ಮೇಲೇರುತ್ತದೆ, ಗಾಡಿ, ಅಂದರೆ ಕ್ಯಾರೇಜ್, ಮೊದಲಿನ ಜಾಗಕ್ಕೆ ಬರುತ್ತದೆ. ಕೈಗೆ ಅದು ಒಂದೇ ಕೆಲಸ, ನಡೆಯುವುದು ಎರಡು. ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದದ ಮೇಲೆ ಹೊಡೆಯುವ ಟೆಲಿಟೈಪ್ ಮಷೀನುಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಂಕೇತ ಬೇಕಿತ್ತು. 1963ರಲ್ಲಿ ಬಂದ, ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಗಾಡಿ ಹಿಂದಕ್ಕೆ ಬರಲು 13, ಕಾಗದ ಸರಿಯಲು 10. ಅದೇ ಕಾಲದ ಟೆಲಿಟೈಪ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಬಲ ತುದಿಯಿಂದ ಎಡ ತುದಿಗೆ ಗಾಡಿ ಬರಲು ಒಂದು ಅಕ್ಷರದ ಸಮಯ ಸಾಲುತ್ತಿರಲಿಲ್ಲ. ಅದಕ್ಕೆ ಮೊದಲು 13 ಕಳಿಸಿ, ಗಾಡಿ ಓಡುತ್ತಿರುವಾಗಲೇ 10 ಕಳಿಸುತ್ತಿದ್ದರು. ಇಂದಿನ ಕ್ರಮವೂ ಅದೇ, 13 ಮೊದಲು, 10 ಆಮೇಲೆ.

ಸಿಪಿಎಂ, ಡಾಸ್, ವಿಂಡೋಸ್ ಆ ಜೋಡಿಯನ್ನು ಫೈಲಿನಲ್ಲೂ ಹಾಗೇ ಇಟ್ಟುಕೊಂಡವು. ಮಲ್ಟಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ, ಅದರ ನಂತರ ಬಂದ ಯುನಿಕ್ಸ್, ಫೈಲಿನಲ್ಲಿ ಒಂದು 10 ಸಾಕು, ಮಷೀನಿಗೆ ಬೇಕಾದದ್ದನ್ನು ಕಳಿಸುವಾಗ ಸೇರಿಸೋಣ ಅಂದವು. ಲಿನಕ್ಸ್ ಆ ಮನೆತನದ್ದು. ಹಳೆಯ ಮ್ಯಾಕ್ 9ರವರೆಗೂ ಬರೀ 13 ಬಳಸುತ್ತಿತ್ತು, 2001ರ ಮ್ಯಾಕ್ ಓಎಸ್ ಎಕ್ಸ್‌ನಿಂದ ಅದೂ 10ಕ್ಕೆ ಬಂತು. ಸಿ ಭಾಷೆ ಹುಟ್ಟಿದ್ದು ಯುನಿಕ್ಸ್ ಮನೆಯಲ್ಲಿ. ಅದಕ್ಕೆ ಸಾಲು ಮುಗಿಸುವ ಬ್ಯಾಕ್‌ಸ್ಲ್ಯಾಶ್ ಎನ್ ಅಂದರೆ ಒಂದೇ ಅಕ್ಷರ. ಆ ಭಾಷೆ ಬೇರೆ ಮನೆಗಳಿಗೆ ಹೋದಾಗ ಸಾಲಿನ ಕೊನೆಯನ್ನು ಆಯಾ ಮನೆಯ ಪದ್ಧತಿಗೆ ಬದಲಿಸುವ ಕೆಲಸ ಲೈಬ್ರರಿಯ ಹೆಗಲಿಗೆ ಬಿತ್ತು. ಬದಲಿಸಬೇಡ ಅಂತ ಹೇಳುವುದಕ್ಕೆ ಆ ಬಿ. 1989ರ ಸಿ ಸ್ಟ್ಯಾಂಡರ್ಡ್‌ನಲ್ಲೂ ಅದು ಇದೆ.

ಈಗ ಊರ ಹೆಸರುಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಅಂತ ಮೂರು ಸಾಲು ಹೊಡೆಯಿರಿ, ಪ್ರತಿ ಸಾಲಿಗೂ ಎಂಟರ್ ಒತ್ತಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಕಲಬುರಗಿಯಲ್ಲಿ ಕೊಂಬು, ಗುಡಿಸು ಸೇರಿ 7 ಸಂಕೇತ, 21 ಬೈಟ್. ಬೀದರ್ 15. ಯಾದಗಿರಿ 21. ಒಟ್ಟು 57. ವಿಂಡೋಸ್‌ನಲ್ಲಿ ಫೈಲಿನ ಅಳತೆ 63 ಬರುತ್ತದೆ, ಅದನ್ನೇ ಲಿನಕ್ಸ್‌ನಲ್ಲಿ ಹೊಸದಾಗಿ ಬರೆದರೆ 60. ನಡುವಿನ ಆ 3 ಅಂದರೆ ಸಾಲಿಗೊಂದು 13.

ಲಿನಕ್ಸ್‌ನಲ್ಲಿ ಎಫ್‌ಗೆಟ್ಸ್ ಆ ಸಾಲನ್ನು ಓದಿದಾಗ ಕೊನೆಯಲ್ಲಿ 13, 10 ಎರಡೂ ಇರುತ್ತವೆ. ನೀವು 10 ಅನ್ನು ಮಾತ್ರ ತೆಗೆದಿರುತ್ತೀರಿ. 13 ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹೋಲಿಸಿದರೆ ಬೇರೆ ಪದ. ಇದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಓದಿದ ಸಾಲನ್ನು ಚೌಕ ಕಂಸದ ನಡುವೆ ಪ್ರಿಂಟ್ ಮಾಡಿ. [ಕಲಬುರಗಿ] ಅಂತ ಬರಬೇಕಾದದ್ದು ]ಕಲಬುರಗಿ ಅಂತ ಬರುತ್ತದೆ. 13 ಸಿಕ್ಕ ಕೂಡಲೇ ಪರದೆಯ ಕರ್ಸರ್ ಸಾಲಿನ ಮೊದಲಿಗೆ ಓಡುತ್ತದೆ. ಮುಚ್ಚುವ ಕಂಸ ತೆರೆಯುವ ಕಂಸದ ಮೇಲೆಯೇ ಬೀಳುತ್ತದೆ. ಟೈಪ್‌ರೈಟರಿನ ಗಾಡಿ ಹಿಂದಕ್ಕೆ ಬಂದು ಕಾಗದ ಸರಿಯದೆ ಇದ್ದ ಹಾಗೆ. ನಾನು ಈ ಕಂಸದ ಪರೀಕ್ಷೆಯನ್ನು ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಒಂದು ನಿಮಿಷದಲ್ಲಿ ರೋಗ ಗೊತ್ತಾಗುತ್ತದೆ. ಮದ್ದೂ ಚಿಕ್ಕದು: ಸಾಲಿನಲ್ಲಿ 13 ಅಥವಾ 10 ಯಾವುದು ಮೊದಲು ಸಿಗುತ್ತದೋ ಅಲ್ಲಿ ಸೊನ್ನೆ ಇಟ್ಟು ಕತ್ತರಿಸಿ. ಅದಕ್ಕೆ ಎಸ್‌ಟಿಆರ್‌ಸಿಎಸ್‌ಪಿಎನ್ ಫಂಕ್ಷನ್ ಇದೆ. ಎರಡೂ ಕಡೆಯ ಫೈಲಿಗೆ ಅದು ನಡೆಯುತ್ತದೆ.

ಲ್ಯಾಬಿನಲ್ಲಿ ಇದರ ಇನ್ನೊಂದು ಮುಖ ನೋಡಿರಬಹುದು. ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡುಗಳ ಫೈಲ್) ಓಡಿಸಿದರೆ "ಬ್ಯಾಡ್ ಇಂಟರ್‌ಪ್ರಿಟರ್" ಅನ್ನುತ್ತದೆ. ಮೊದಲ ಸಾಲಿನ ಬ್ಯಾಶ್ ಅನ್ನುವ ಹೆಸರಿಗೆ 13 ಅಂಟಿಕೊಂಡು, ಆ ಹೆಸರಿನ ಪ್ರೋಗ್ರಾಮೇ ಇಲ್ಲ ಅನ್ನುವ ಸ್ಥಿತಿ. ಡಾಸ್‌ಟುಯುನಿಕ್ಸ್ ಅನ್ನುವ ಕಮಾಂಡ್ ಅದನ್ನು ಸರಿಮಾಡುತ್ತದೆ. ಆದರೆ ಆ ಕಮಾಂಡನ್ನು ಚೀಲ-ದರದ ಫೈಲಿನ ಮೇಲೆ ಪ್ರಯೋಗಿಸಬೇಡಿ. ಅದು ಬರಹಕ್ಕೆ ಮಾಡಿದ್ದು.

ಯುಟಿಎಫ್-8 ಅಂತ ನಾನು ಒತ್ತಿ ಹೇಳಿದ್ದಕ್ಕೂ ಕಾರಣ ಇದೆ. ಅದರಲ್ಲಿ ಕನ್ನಡ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲ. ಹಾಗಾಗಿ ಅಕ್ಷರದ ಹೊಟ್ಟೆಯೊಳಗೆ 10, 13, 26 ಬರುವ ಪ್ರಶ್ನೆಯೇ ಇಲ್ಲ. ಯುಟಿಎಫ್-16 ಹಾಗಲ್ಲ. ಅಲ್ಲಿ ನಮ್ಮ ಭಾಷೆಗಳ ಪ್ರತಿ ಸಂಕೇತಕ್ಕೆ 2 ಬೈಟ್. ಕನ್ನಡದ ಅಕ್ಷರಗಳಲ್ಲಿ ಒಂದು ಬೈಟು ಯಾವಾಗಲೂ 12. ನಮ್ಮ ನೆರೆಯ ಮಲಯಾಳಂಗೆ ಅದು 13. ಗುಜರಾತಿಗೂ ಪಂಜಾಬಿಯ ಗುರುಮುಖಿಗೂ 10! ಆ ಬೈಟುಗಳನ್ನು ವಿಂಡೋಸ್‌ನಲ್ಲಿ ಬಿ ಇಲ್ಲದೆ ಬರೆದರೆ ಗುಜರಾತಿಯ ಒಂದೊಂದು ಅಕ್ಷರಕ್ಕೂ ಒಂದು 13 ಸೇರಿಕೊಳ್ಳುತ್ತದೆ. ಕನ್ನಡಕ್ಕೆ ಅಕ್ಷರದಲ್ಲಿ ತೊಂದರೆ ಇಲ್ಲ, ಆದರೆ ಸಾಲು ಮುಗಿದ ಕೂಡಲೇ ಒಂದು ಬೈಟು ಸರಿದು, ಮುಂದಿನ ಸಾಲು ಚೀನೀ, ಕೊರಿಯನ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. "ಕನ್ನಡ ಫಾಂಟ್ ಕೆಟ್ಟಿದೆ" ಅಂತ ದೂರು ಬಂದಾಗ ಒಮ್ಮೆ ಈ ಕಡೆಗೂ ನೋಡಿ.

ಮುಂದೆ ಪೈಥಾನ್ ಕಡೆ ಹೋಗುತ್ತೀರಿ ಅಂದುಕೊಂಡಿದ್ದೇನೆ. ಅಲ್ಲಿಯೂ ಇದೇ ನಡೆಯುತ್ತದೆ. ಅಲ್ಪವಿರಾಮ ಹಾಕಿ ಪಟ್ಟಿ ಬರೆಯುವ ಸಿಎಸ್‌ವಿ ಮಾಡ್ಯೂಲ್ ತಾನೇ 13, 10 ಎರಡನ್ನೂ ಬರೆಯುತ್ತದೆ. ವಿಂಡೋಸ್‌ನಲ್ಲಿ ಫೈಲ್ ಆ 10ಕ್ಕೆ ಇನ್ನೊಂದು 13 ಸೇರಿಸುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಪ್ರತಿ ಸಾಲಿನ ಕೆಳಗೆ ಒಂದು ಖಾಲಿ ಸಾಲು. ಫೈಲ್ ತೆರೆಯುವಾಗ ನ್ಯೂಲೈನ್ ಅನ್ನುವ ಜಾಗಕ್ಕೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಸರಿಹೋಗುತ್ತದೆ.

ನನ್ನ ಕೈಯಿಂದಲೂ ಒಮ್ಮೆ ಇಂಥದ್ದು ನಡೆದಿದೆ, ನಿಮ್ಮದಕ್ಕಿಂತ ಕೆಟ್ಟದ್ದು. ಒಂದು ಆಫೀಸಿನ ಲೆಕ್ಕದ ಜಿಪ್ ಫೈಲನ್ನು ವಿಂಡೋಸ್‌ನಿಂದ ಲಿನಕ್ಸ್ ಸರ್ವರಿಗೆ ಎಫ್‌ಟಿಪಿಯಲ್ಲಿ (ಫೈಲ್ ಕಳಿಸುವ ಒಂದು ವಿಧಾನ) ಕಳಿಸಿದೆ. ಅದು ಆಸ್ಕಿ ಮೋಡ್‌ನಲ್ಲಿ, ಅಂದರೆ ಬರಹ ಕಳಿಸುವ ಮೋಡ್‌ನಲ್ಲಿ ಇತ್ತು, ಗಮನಿಸಲಿಲ್ಲ. ಅದು 13, 10 ಜೋಡಿ ಸಿಕ್ಕಲ್ಲೆಲ್ಲ 13 ಅನ್ನು ಕಿತ್ತುಹಾಕಿತು. ಮೂಲವನ್ನು ಆಗಲೇ ಅಳಿಸಿದ್ದೆ. ಜಿಪ್ ಮತ್ತೆ ತೆರೆಯಲೇ ಇಲ್ಲ. ಮೂರು ತಿಂಗಳ ಲೆಕ್ಕವನ್ನು ಕಾಗದ ನೋಡಿ ಮತ್ತೆ ಹೊಡೆದೆವು. ಸೇರಿಸಿದ್ದನ್ನು ತೆಗೆಯಬಹುದು, ತೆಗೆದದ್ದನ್ನು ಸೇರಿಸಲು ಆಗುವುದಿಲ್ಲ ಅಂತ ಆವತ್ತು ತಿಳಿಯಿತು. ಉಳಿದ 10ಗಳಲ್ಲಿ ಯಾವುದರ ಹಿಂದೆ 13 ಇತ್ತು, ಯಾವುದು ಮೊದಲಿನಿಂದಲೂ ಒಂಟಿ ಅಂತ ಹೇಳುವವರು ಯಾರೂ ಇಲ್ಲ. ನಿಮ್ಮ ಫೈಲಿನಲ್ಲಿ ಆಗಿರುವುದು ಸೇರಿಸಿದ್ದು. ಅದಕ್ಕೇ ಮೊದಲೇ ಧೈರ್ಯವಾಗಿ ಹೇಳಿದೆ.

ಪಿಎನ್‌ಜಿ ಚಿತ್ರದ ವಿನ್ಯಾಸ ಮಾಡಿದವರು ಇದನ್ನೆಲ್ಲ ಯೋಚಿಸಿಯೇ ಇದ್ದರು. ಪ್ರತಿ ಪಿಎನ್‌ಜಿ ಫೈಲಿನ ಮೊದಲ 8 ಬೈಟು ಹೀಗಿರುತ್ತವೆ: 137, 80, 78, 71, 13, 10, 26, 10. ನಿಮಗೆ ಈಗ ಕೊನೆಯ ನಾಲ್ಕು ಪರಿಚಯದವರೇ. ಯಾರಾದರೂ 13, 10 ಜೋಡಿಯನ್ನು ಒಂಟಿ ಮಾಡಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಒಂಟಿ 10 ಅನ್ನು ಜೋಡಿ ಮಾಡಿದರೆ ಕೊನೆಯ 10 ಹೇಳಿಬಿಡುತ್ತದೆ. ಪರೀಕ್ಷೆಗೆ ವಿಂಡೋಸ್‌ನಲ್ಲಿ ಯಾವುದಾದರೂ ಪಿಎನ್‌ಜಿಯನ್ನು ಆರ್‌ನಿಂದ ಓದಿ ಡಬ್ಲ್ಯೂನಿಂದ ಕಾಪಿ ಮಾಡಿ ನೋಡಿ. ಎಷ್ಟು ದೊಡ್ಡ ಚಿತ್ರವಾದರೂ ಕಾಪಿ 6 ಬೈಟು ಮಾತ್ರ. ಏಳನೇ ಬೈಟು 26, ಅಲ್ಲಿಗೆ ಓದು ಮುಗಿಯಿತು.

ಈಗ ದುರಸ್ತಿ. ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಹಳೆಯ ಫೈಲನ್ನು ಆರ್‌ಬಿಯಿಂದ ತೆರೆಯಿರಿ, ಬೇರೆ ಹೆಸರಿನ ಹೊಸ ಫೈಲನ್ನು ಡಬ್ಲ್ಯೂಬಿಯಿಂದ. ಒಂದೊಂದೇ ಬೈಟು ಓದಿ. 13 ಸಿಕ್ಕಿ ಅದರ ಮುಂದಿನದು 10 ಆಗಿದ್ದರೆ ಆ 13 ಬಿಟ್ಟುಬಿಡಿ. ಉಳಿದದ್ದೆಲ್ಲ ಹಾಗೇ ಬರೆಯಿರಿ. 13 ಚೀಲದ ನಮೂದು ಹಾಳಾಗುತ್ತದೆಯೇ ಅಂತ ಹೆದರಬೇಡಿ. ಅಲ್ಲಿ 13ರ ಮುಂದೆ 0 ಇರುತ್ತದೆ, 10 ಅಲ್ಲ. ಓದಿದ ಬೈಟನ್ನು ಇಂಟ್‌ನಲ್ಲಿ ಹಿಡಿಯಿರಿ, ಒಂದೇ ಬೈಟಿನ ಚಾರ್‌ನಲ್ಲಿ ಬೇಡ. ಇಲ್ಲದಿದ್ದರೆ 255 ಬಂದಾಗ ಫೈಲ್ ಮುಗಿಯಿತು ಅಂದುಕೊಳ್ಳುವ ಸಾಧ್ಯತೆ ಇದೆ. ಒಂದು ಫೈಲಿಗೆ ಇದನ್ನು ಒಂದೇ ಸಲ ಮಾಡಿ. ಲಿನಕ್ಸ್‌ನಿಂದ ನೀವೇ ಹೊಸ ನಮೂದು ಸೇರಿಸಿದ ಫೈಲ್ ಯಾವುದಾದರೂ ಇದ್ದರೆ ಅದನ್ನು ಬೇರೆ ಇಡಿ, ಅಲ್ಲಿ ಎರಡೂ ಪದ್ಧತಿ ಕಲೆತಿರುತ್ತವೆ, ಕಣ್ಣಿಟ್ಟು ನೋಡಬೇಕಾಗುತ್ತದೆ.

ಆಮೇಲೆ ಮೂಲ ಪ್ರೋಗ್ರಾಂನಲ್ಲಿ ಎಲ್ಲ ಕಡೆ ಬಿ ಸೇರಿಸಿ. ದುರಸ್ತಿಗೆ ಮುಂಚೆಯೇ ಸೇರಿಸಿ ಹೊಸದನ್ನು ಹಳೆಯ ಫೈಲಿಗೇ ಬರೆದರೆ ಮತ್ತೆ ಕಲಬೆರಕೆ, ಈ ಕ್ರಮ ತಪ್ಪಬೇಡಿ. ನನ್ನನ್ನು ಕೇಳಿದರೆ ಊರ ಹೆಸರಿನ ಫೈಲನ್ನೂ ಡಬ್ಲ್ಯೂಬಿಯಿಂದಲೇ ಬರೆಯಿರಿ, ಸಾಲಿನ ಕೊನೆಗೆ ನೀವೇ ಒಂದು 10 ಇಡಿ. 2018ರಿಂದ ನೋಟ್‌ಪ್ಯಾಡ್‌ಗೂ ಬರೀ 10 ಇರುವ ಸಾಲು ಓದಲು ಬರುತ್ತದೆ, ಹಾಗಾಗಿ ಅಂಗಡಿಯಲ್ಲಿ ಅಪ್ಪನವರಿಗೂ ತೊಂದರೆ ಇಲ್ಲ. ನಾನು ಬಹಳ ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ. ಸಾಲು ಎಲ್ಲಿ ಮುಗಿಯಬೇಕು ಅಂತ ನಾನು ಹೇಳಿದರೆ ಎರಡೂ ಮಷೀನಿನಲ್ಲಿ ಅದೇ ಬೈಟು ಇರುತ್ತದೆ.

ಹೊಸ ಫೈಲಿನ ಅಳತೆಯನ್ನು 8ರಿಂದ ಭಾಗಿಸಿ, ಶೇಷ ಉಳಿಯಬಾರದು. 40 ನಮೂದಿನ ದಿನಕ್ಕೆ ಸರಿಯಾಗಿ 320 ಬೈಟ್ ಬರಬೇಕು. ಕೊನೆಗೆ ಸೇಡಂ ರೈತರ ದಿನದ ಪಟ್ಟಿ ತೆಗೆದು ಅಪ್ಪನವರ ವಹಿಯ ಪಕ್ಕ ಇಟ್ಟು, ಅವರ ಕೈಯಿಂದಲೇ 26 ಚೀಲದ ಮುಂದಿನ ನಮೂದುಗಳನ್ನು ಒಂದೊಂದಾಗಿ ತಾಳೆ ನೋಡಿಸಿ.